ಬಾಗಿದ ಕ್ಷೌರದ ಕತ್ತಿಯನ್ನು ಮಸೆಯುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಉಡುಪಿ): ಅಜ್ಜ ಬಳಸುತ್ತಿದ್ದ, ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾದ ಮಡಚುವ ಕ್ಷೌರದ ಕತ್ತಿಯೊಂದು ನನ್ನ ಬಳಿ ಇದೆ. 1000, 5000 ಮತ್ತು 8000 ನಂಬರಿನ ನೀರುಕಲ್ಲುಗಳ (ನೀರು ಹಾಕಿ ಮಸೆಯುವ ಕಲ್ಲುಗಳು; ನಂಬರು ಹೆಚ್ಚಿದಷ್ಟೂ ನಯ) ಮೇಲೆ ಎಷ್ಟು ಮಸೆದರೂ ಬುಡ ಮತ್ತು ತುದಿ ಮಾತ್ರ ಹರಿತವಾಗುತ್ತವೆ. ನಡುವಿನ ಎರಡು ಸೆಂಟಿಮೀಟರಿನಷ್ಟು ಭಾಗ ಕೂದಲನ್ನು ಕತ್ತರಿಸದೆ ಎಳೆಯುತ್ತದೆ. ಗಾಜಿನ ಮೇಲೆ ಮಲಗಿಸಿದರೆ ಒಂದು ಮಗ್ಗುಲಲ್ಲಿ ಅಲಗು ಅಲುಗಾಡುತ್ತದೆ, ಇನ್ನೊಂದು ಮಗ್ಗುಲಲ್ಲಿ ನಡುವೆ ಬೆಳಕು ಕಾಣುತ್ತದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಮಂಗಳೂರು): ನಿಮ್ಮ ವಿವರಣೆಯಿಂದಲೇ ಅಲಗು ಬಾಗಿದೆ ಎಂದು ತಿಳಿಯುತ್ತದೆ. ಆದರೂ ಕತ್ತಿಯನ್ನು ದೂರುವ ಮೊದಲು ಕಲ್ಲನ್ನು ನೋಡಿ, ಏಕೆಂದರೆ ನಡುವೆ ಸವೆದು ತಗ್ಗಾದ ಕಲ್ಲು ನೇರವಾದ ಅಲಗನ್ನೂ ಕೆಡಿಸುತ್ತದೆ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆಗಳನ್ನು ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ 400 ನಂಬರಿನ ವಾಟರ್ ಪೇಪರಿನ ಮೇಲೆ ನೀರು ಹಾಕಿ ಉಜ್ಜಿ. ಎಲ್ಲ ಗೆರೆಗಳೂ ಅಳಿದಾಗ ಕಲ್ಲು ಸಮತಟ್ಟಾಗಿರುತ್ತದೆ.

ಅನಂತರ ಬಾಯಿಗೆ, ಅಂದರೆ ಕತ್ತರಿಸುವ ಅಂಚಿಗೆ, ಎರಡೂ ಮಗ್ಗುಲಲ್ಲಿ ಮಾರ್ಕರ್ ಮಸಿ ಬಳಿದು, ಕೈಭಾರ ಹಾಕದೆ ನಾಲ್ಕೈದು ಸಲ ಎಳೆದು ನೋಡಿ. ಮಸಿ ಉಳಿದಲ್ಲಿ ಕಲ್ಲು ತಾಗಿಲ್ಲ. ಉಬ್ಬಿದ ಮಗ್ಗುಲಲ್ಲಿ ಮಸಿ ನಡುವೆ ಮಾತ್ರ ಅಳಿಯುತ್ತದೆ, ತಗ್ಗಿದ ಮಗ್ಗುಲಲ್ಲಿ ಎರಡು ತುದಿಗಳಲ್ಲಿ ಮಾತ್ರ. ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ನಡುಭಾಗವನ್ನು ಕಲ್ಲಿಗೆ ತಾಗಿಸಲೇಬೇಕೆಂದು ಬೆರಳಿನಿಂದ ಒತ್ತಿ ಮಸೆದೆ. ಬೆನ್ನಿನ (ಬಾಯಿಗೆ ಎದುರಿನ ದಪ್ಪ ಅಂಚಿನ) ಮೇಲೆ ಅಗಲವಾದ ಸವೆತದ ಪಟ್ಟೆ ಮೂಡಿತು, ಬಾಯಿ ಮಾತ್ರ ಹಾಗೆಯೇ ಉಳಿಯಿತು. ಈ ಕತ್ತಿಯಲ್ಲಿ ಮಸೆಯುವ ಕೋನವನ್ನು ನಿರ್ಧರಿಸುವುದೇ ಬೆನ್ನು: ಅಲಗು 18 ಮಿಲಿಮೀಟರ್ ಅಗಲ, ಬೆನ್ನು 5 ಮಿಲಿಮೀಟರ್ ದಪ್ಪ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಆಗುತ್ತದೆ. ಬೆನ್ನು ಒಂದೆಡೆ ಹೆಚ್ಚು ಸವೆದರೆ ಅಲ್ಲಿ ಕೋನವೇ ಬದಲಾಗುತ್ತದೆ.

ಆದುದರಿಂದ ಬಾಗನ್ನು ತೆಗೆಯಲು ಹೋಗದೆ, ಕೈಯೇ ಬಾಗನ್ನು ಅನುಸರಿಸಬೇಕು. ಉಬ್ಬಿದ ಮಗ್ಗುಲಿಗೆ, ಬುಡದಿಂದ ಆರಂಭಿಸಿ ಓರೆಯಾಗಿ ಎಳೆಯುತ್ತಾ, ಬೆನ್ನನ್ನು ಕಲ್ಲಿನಿಂದ ಎತ್ತದೆ, ಒತ್ತು ಮೆಲ್ಲನೆ ತುದಿಯತ್ತ ಸರಿಯುವಂತೆ ಮಣಿಕಟ್ಟನ್ನು ತಿರುಗಿಸಿ. ತಗ್ಗಿದ ಮಗ್ಗುಲಿಗೆ ಅಗಲವಾದ ಕಲ್ಲು ಸಾಮಾನ್ಯವಾಗಿ ಸರಿಹೋಗದು. ನಾನು ಎರಡೂವರೆ ಸೆಂಟಿಮೀಟರ್ ಅಗಲದ ಕಲ್ಲನ್ನು ಬಳಸುತ್ತೇನೆ; ಅದು ಒಮ್ಮೆಗೆ ಅಲಗಿನ ಸಣ್ಣ ಭಾಗವನ್ನು ಮಾತ್ರ ಮುಟ್ಟುವುದರಿಂದ ತಗ್ಗಿನೊಳಗೂ ಇಳಿಯುತ್ತದೆ. 1000 ನಂಬರಿನಲ್ಲಿಯೇ ಬುಡದಿಂದ ತುದಿಯವರೆಗೆ ಎಲ್ಲೆಡೆಯೂ ತೋಳಿನ ಕೂದಲು ಕತ್ತರಿಸುವವರೆಗೆ ಮುಂದಿನ ಕಲ್ಲಿಗೆ ಹೋಗಬಾರದು. ಎರಡೂ ಮಗ್ಗುಲು ಬಾಯಿಯಲ್ಲಿ ಸರಿಯಾಗಿ ಸೇರದ ಕತ್ತಿಗೆ 8000 ನಂಬರು ಹೊಳಪು ಕೊಡುತ್ತದೆಯೇ ಹೊರತು ಹರಿತ ಕೊಡುವುದಿಲ್ಲ.

ಉತ್ತರ (ಕುಂದಾಪುರ): ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಬುಡದ ದಪ್ಪ ಭಾಗ ಕಲ್ಲಿನ ಮೇಲೆ ಏರಿದರೂ ಬಾಯಿ ಎತ್ತಿ ನಿಂತು ಬಾಗಿದಂತೆಯೇ ತೋರುತ್ತದೆ, ಅದನ್ನು ಕಲ್ಲಿನ ಅಂಚಿನಿಂದ ಹೊರಗಿಡಿ. ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಅದರ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಎಳೆಯಿರಿ. ಮಗುಚುವಾಗ ಕತ್ತಿ ಬೆನ್ನಿನ ಮೇಲೆಯೇ ಹೊರಳಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಬಾಯಿಯ ಮೇಲೆ ತುಕ್ಕಿನ ಚುಕ್ಕೆ ಬರಬಹುದು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಮಸಿ ಹಚ್ಚಿ ನೋಡಿದೆ. ಅಗಲದ ಕಲ್ಲಿನ ಮೇಲೆ ತಗ್ಗಿದ ಮಗ್ಗುಲಿನ ನಡುವೆ ಮಸಿ ಸ್ವಲ್ಪವೂ ಅಳಿಯಲಿಲ್ಲ. ಅದೇ ಕಲ್ಲನ್ನು ಮಗ್ಗುಲಾಗಿ ನಿಲ್ಲಿಸಿ, ಕಿರಿದಾದ ಬದಿಯನ್ನು ವಾಟರ್ ಪೇಪರಿನಲ್ಲಿ ಸಮಮಾಡಿಕೊಂಡು ಎಳೆದಾಗ ನಡುವಿನ ಮಸಿ ಪೂರ್ತಿ ಹೋಯಿತು. ಬುಡದಲ್ಲಿ ಅಕ್ಕಿಕಾಳಿನಷ್ಟು ಇನ್ನೂ ಉಳಿದಿದೆ. ಅಲ್ಲಿ ದಪ್ಪ ಭಾಗವೇ ತಾಗುತ್ತಿದೆ ಎಂದು ಕಾಣುತ್ತದೆ, ನಾಳೆ ಅದನ್ನು ಹೊರಗಿಟ್ಟು ಎಳೆಯುತ್ತೇನೆ.