ತೋಟದಲ್ಲಿ ಮಳೆ ಅಳೆಯುವ ಬೋರ್ಡ್ ಮಾಡಿದ್ದೇನೆ, ಎಂಬೆಡೆಡ್ (ಯಂತ್ರಗಳೊಳಗಿನ ಚಿಪ್ಪಿಗೆ ಕೋಡ್ ಬರೆಯುವ) ಕೆಲಸಕ್ಕೆ ಇಷ್ಟು ಸಾಕಾ?

ಸೋಮವಾರಪೇಟೆ_ಇಸಿ:
ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಯಿತು, ಈಗ ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಿದ್ದೇನೆ. ಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಬಿತ್ತು ಅಂತ ಅಪ್ಪ ದಿನಾ ಬೆಳಿಗ್ಗೆ ಡೈರಿಯಲ್ಲಿ ಬರೆಯುತ್ತಾರೆ. ತೋಟದ ಆ ತುದಿಯಲ್ಲೂ ಅಳೆಯೋಣ ಅಂತ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್ ಇರುವ ಬೋರ್ಡಿಗೆ ಮಳೆಮಾಪಕ ಜೋಡಿಸಿದೆ. ಅದರೊಳಗಿನ ಪುಟ್ಟ ಬಕೆಟ್ ಮಗುಚಿದಾಗ ಬೋರ್ಡ್ ಎದ್ದು ಎಣಿಸುತ್ತದೆ, ದಿನಕ್ಕೊಮ್ಮೆ ಲೋರಾ ಅನ್ನುವ ದೂರ ಹೋಗುವ ರೇಡಿಯೋದಲ್ಲಿ ಮನೆಗೆ ಲೆಕ್ಕ ಕಳಿಸುತ್ತದೆ, ಉಳಿದ ಹೊತ್ತೆಲ್ಲಾ ಡೀಪ್ ಸ್ಲೀಪ್, ಅಂದರೆ ಚಿಪ್ ಬಹುಪಾಲು ಆಫ್. ಆದರೂ 2000 ಮಿಲಿಆಂಪ್-ಅವರ್ ಬ್ಯಾಟರಿ 12 ದಿನಕ್ಕೆ ಖಾಲಿ. ಕೋಡ್ ಹತ್ತು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಇದನ್ನು ರೆಸ್ಯೂಮೆಯಲ್ಲಿ ಹಾಕಬಹುದಾ, ಇಲ್ಲ ಬೆಂಗಳೂರಿಗೆ ಹೋಗಿ ದುಡ್ಡು ಕಟ್ಟಿ ಕೋರ್ಸ್ ಸೇರಬೇಕಾ?

ಕುಶಾಲನಗರ_ಫರ್ಮ್‌ವೇರ್:
ತಮ್ಮಾ, ಕೋಡ್ ಪಕ್ಕಕ್ಕಿಡು, ಕರೆಂಟ್ ಅಳೆ. 12 ದಿನ ಅಂದರೆ 288 ಗಂಟೆ. 2000 ಅನ್ನು ಅದರಿಂದ ಭಾಗಿಸಿದರೆ ಹೆಚ್ಚುಕಮ್ಮಿ 7 ಮಿಲಿಆಂಪ್ ಬರುತ್ತದೆ. ಡೀಪ್ ಸ್ಲೀಪಿನಲ್ಲಿ ಚಿಪ್ ಕುಡಿಯುವುದು ಸುಮಾರು 10 ಮೈಕ್ರೋಆಂಪ್ ಅಷ್ಟೇ, ಹಾಗಾದರೆ ಉಳಿದಿದ್ದನ್ನು ಕುಡಿಯುತ್ತಿರುವುದು ಬೋರ್ಡಿನ ಮೇಲಿರುವ ಬೇರೆ ಸಾಮಾನು. ಚಿಪ್ಪಿಗೆ ಬೇಕಾದಷ್ಟೇ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಮೇಲೆ 1117 ಅಂತ ಬರೆದಿದೆಯಾ ನೋಡು. ಚಿಪ್ ಮಲಗಿದ್ದರೂ ಆ ರೆಗ್ಯುಲೇಟರಿಗೆ ಹಗಲೂ ರಾತ್ರಿ ಸುಮಾರು 5 ಮಿಲಿಆಂಪ್ ಬೇಕು. ಡೇಟಾಶೀಟಿನಲ್ಲಿ ಇದು ಕ್ವೈಸೆಂಟ್ ಕರೆಂಟ್ ಅಂತ ಒಂದೇ ಸಾಲಿನಲ್ಲಿ ಇರುತ್ತದೆ, ಯಾರೂ ಓದಲ್ಲ. ಪವರ್ ಎಲ್‌ಇಡಿ ಇದ್ದರೆ ಅದೂ ಸೇರಿಸಿಕೋ. ಮೀಟರನ್ನು ಬ್ಯಾಟರಿಗೆ ಸೀರೀಸ್ ಹಾಕು, ಆದರೆ ಮೈಕ್ರೋ ರೇಂಜಿನಲ್ಲಿಟ್ಟು ಬೋರ್ಡ್ ಆನ್ ಮಾಡಬೇಡ, ಎದ್ದ ಕೂಡಲೇ ರೀಸೆಟ್ ಆಗುತ್ತದೆ.

ನಾನು ಇಂಟರ್‌ವ್ಯೂ ತೆಗೆದುಕೊಳ್ಳುವಾಗ ಪ್ರಾಜೆಕ್ಟ್ ಹೆಸರಿಗಿಂತ ಜಾಸ್ತಿ ಕೇಳುವುದು ಇದನ್ನೇ: ಏನು ಕೆಟ್ಟಿತ್ತು, ಹೇಗೆ ಹುಡುಕಿದೆ? ಬ್ಯಾಟರಿ ಎಲ್ಲಿ ಸೋರುತ್ತಿತ್ತು ಅಂತ ನೀನೇ ಅಳೆದು ಹೇಳಿದರೆ ಅರ್ಧ ಗಂಟೆ ಮಾತಾಡಬಹುದು. ಖಂಡಿತ ಹಾಕು.

ವಿರಾಜಪೇಟೆ_ಹುಡುಗಿ:
ಅಣ್ಣ ಹೇಳಿದ್ದು ಸರಿ. ಕೋರ್ಸಿಗೆ ದುಡ್ಡು ಸುರಿಯಬೇಡಿ. ಎಸ್‌ಟಿಎಂ32 ಅನ್ನುವ ಇನ್ನೊಂದು ಚಿಪ್ಪಿನ ಬೋರ್ಡ್ ತಗೊಳ್ಳಿ, ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಮುಟ್ಟದೆ, ರೆಫರೆನ್ಸ್ ಮ್ಯಾನ್ಯುಯಲ್ ತೆರೆದಿಟ್ಟುಕೊಂಡು ಎಲ್‌ಇಡಿ ಮಿನುಗಿಸಿ. ನನಗೆ ಅದಕ್ಕೇ ಎರಡು ದಿನ ಹಿಡಿಯಿತು. ಪೋರ್ಟಿಗೆ (ಚಿಪ್ಪಿನ ಪಿನ್‌ಗಳ ಗುಂಪಿಗೆ) ಕ್ಲಾಕ್ ಕೊಡದೆ, ಅಂದರೆ ಅದನ್ನು ಆನ್ ಮಾಡದೆಯೇ, ರಿಜಿಸ್ಟರಿಗೆ ಬರೆಯುತ್ತಾ ಕೂತಿದ್ದೆ, ಎರರ್ ಇಲ್ಲ, ಏನೂ ಇಲ್ಲ, ಬೋರ್ಡ್ ಸುಮ್ನೆ ಇತ್ತು. ಕ್ಲಾಕ್ ಆನ್ ಮಾಡುವ ಆ ಒಂದು ಬಿಟ್ ಸಿಕ್ಕಿದ ಮೇಲೆ ಮ್ಯಾನ್ಯುಯಲ್ ಓದುವ ಭಯ ಹೋಯಿತು. ಇಂಟರಪ್ಟ್, ವೊಲಟೈಲ್, ಪಾಯಿಂಟರ್, ಇಂಥ ಕೋಡಿಂಗ್ ವಿಷಯಗಳನ್ನು ಬಾಯಿಪಾಠ ಮಾಡದೆ ಬರೆದು ನೋಡಿ.

ಇನ್ನೊಂದು ಮಾತು. ಮೊದಲ ಎರಡು ಮೂರು ವರ್ಷ ಊರಲ್ಲೇ ಕೂತು ಈ ಕೆಲಸ ಮಾಡುವುದು ಕಷ್ಟ. ಸಿಗ್ನಲ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್, ಹೊಸ ಬೋರ್ಡ್, ಪಕ್ಕದಲ್ಲಿ ನಿಂತು ತೋರಿಸುವ ಸೀನಿಯರ್, ಎಲ್ಲಾ ಲ್ಯಾಬಿನಲ್ಲೇ ಇರುವುದು. ಮೈಸೂರಿನಲ್ಲೂ ಹುಡುಕಿ, ವಾರಕ್ಕೊಮ್ಮೆ ಮನೆಗೆ ಬರಬಹುದು.

ಸೋಮವಾರಪೇಟೆ_ಇಸಿ:
ಅಣ್ಣಾ, ಅಳೆದೆ. 6.8 ಮಿಲಿಆಂಪ್! ರೆಗ್ಯುಲೇಟರ್ 1117 ಅದೇ. ಎಲ್‌ಇಡಿ ಕಿತ್ತ ಮೇಲೆ 5.4ಕ್ಕೆ ಇಳಿಯಿತು. ಕಡಿಮೆ ಕರೆಂಟಿನ ರೆಗ್ಯುಲೇಟರ್ ತರಿಸುತ್ತಿದ್ದೇನೆ. ಅಕ್ಕಾ, ಎಸ್‌ಟಿಎಂ32 ಕೂಡ ಅದರ ಜೊತೆಗೇ ಬರುತ್ತದೆ. ಇನ್ನೊಂದು ತೊಂದರೆ ಕಂಡಿದೆ: ಜೋರು ಮಳೆ ಬಂದ ದಿನ ಅಪ್ಪನ ಡೈರಿಗಿಂತ ಬೋರ್ಡ್ 10 ಸೆಂಟ್ ಕಡಿಮೆ ತೋರಿಸುತ್ತಿದೆ. ಬೋರ್ಡ್ ಏಳುವಷ್ಟರಲ್ಲಿ ಬಕೆಟ್ ಇನ್ನೊಮ್ಮೆ ಮಗುಚುತ್ತಿದೆಯಾ ಅಂತ ಇವತ್ತು ರಾತ್ರಿ ಕೂತು ನೋಡುತ್ತೇನೆ.