ಅಪ್‌ಡೇಟ್: ಕರೆನ್ಸಿಗಳ ಪಾಲು ಶೇ. 200 ಆಗುವುದೇಕೆ?

ವಿದೇಶಿ ವಿನಿಮಯ ವಹಿವಾಟಿನ ಕೋಷ್ಟಕದಲ್ಲಿ ಎಲ್ಲ ಕರೆನ್ಸಿಗಳ ಪಾಲನ್ನು ಕೂಡಿದರೆ ಶೇ. 200 ಬರುವುದೇಕೆ, ಈ ವಹಿವಾಟಿನ ಮೊತ್ತವನ್ನು ದೇಶಗಳ ವಾರ್ಷಿಕ ಪಾವತಿ ಶಿಲ್ಕಿನೊಂದಿಗೆ (ಹೊರದೇಶಗಳ ಜೊತೆಗಿನ ವ್ಯವಹಾರಗಳ ಲೆಕ್ಕದೊಂದಿಗೆ) ಹೋಲಿಸಬಹುದೇ ಎಂದು ನಾನು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ನೀವು ಹೇಳಿದಂತೆ ಅಡಿಟಿಪ್ಪಣಿಗಳನ್ನು ಓದಿದ ಮೇಲೆ ವಿಷಯ ತಿಳಿಯಾಗಿದೆ.

ಮೊದಲ ಪ್ರಶ್ನೆ ಸುಲಭದ್ದು: ಪ್ರತಿ ವ್ಯವಹಾರದಲ್ಲೂ ಎರಡು ಕರೆನ್ಸಿಗಳಿರುವುದರಿಂದ ಯೂರೊ–ಡಾಲರ್ ವಿನಿಮಯವು ಎರಡೂ ಸಾಲುಗಳಲ್ಲಿ ಪೂರ್ತಿಯಾಗಿ ದಾಖಲಾಗುತ್ತದೆ.

ಎರಡನೆಯದೇ ನಿಜವಾಗಿ ಕುತೂಹಲಕರ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಮೂರು ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯ ಪ್ರಕಾರ 2022ರ ಏಪ್ರಿಲ್‌ನಲ್ಲಿ ದಿನದ ಸರಾಸರಿ ವಹಿವಾಟು 7.5 ಲಕ್ಷ ಕೋಟಿ ಡಾಲರ್‌ನಷ್ಟಿತ್ತು. ಅಂದರೆ ಐದು ದಿನಗಳ ವಹಿವಾಟೇ ಆ ಇಡೀ ವರ್ಷದ ಜಾಗತಿಕ ಸರಕು ಮತ್ತು ಸೇವೆಗಳ ರಫ್ತನ್ನು ಮೀರುತ್ತದೆ. ಇದರಲ್ಲಿ ಸುಮಾರು ಅರ್ಧದಷ್ಟು, ಇಂದು ಕೊಂಡು ಮುಂದೊಂದು ದಿನ ಹಿಂದಿರುಗಿಸುವ ಸ್ವಾಪ್ ಒಪ್ಪಂದಗಳು. ಬ್ಯಾಂಕುಗಳು ತಮ್ಮತಮ್ಮಲ್ಲೇ ಅಪಾಯವನ್ನು ಹಂಚಿಕೊಳ್ಳಲು ನಡೆಸುವ ವ್ಯವಹಾರಗಳೂ ಇದರಲ್ಲಿ ಸೇರಿವೆ. ಪಾವತಿ ಶಿಲ್ಕು ಹಾಗಲ್ಲ. ಅದು ನಿವಾಸಿಗಳು ಮತ್ತು ಅನಿವಾಸಿಗಳ ನಡುವಿನ ವ್ಯವಹಾರವನ್ನು ಮಾತ್ರ ಲೆಕ್ಕ ಹಾಕುತ್ತದೆ, ಅದು ಸ್ವದೇಶಿ ಕರೆನ್ಸಿಯಲ್ಲಿ ನಡೆದಿದ್ದರೂ ಸರಿ. ಆದ್ದರಿಂದ ಏಪ್ರಿಲ್‌ನ ಸರಾಸರಿಯನ್ನು ಕೆಲಸದ ದಿನಗಳಿಂದ ಗುಣಿಸಿ "ವಾರ್ಷಿಕ ಹರಿವು" ಎಂದು ಕರೆಯುವ ಲೇಖನಗಳನ್ನು ನಾನಂತೂ ಇನ್ನು ನಂಬಲಾರೆ.

ವಿದೇಶಿ ವಿನಿಮಯ ಮೀಸಲಿನ ಬಗ್ಗೆ ಒಬ್ಬರು ಕೇಳಿದ್ದರು. ಡಾಲರ್ ಬಲಗೊಂಡಾಗ ಮೀಸಲಿನಲ್ಲಿರುವ ಯೂರೊಗಳ ಡಾಲರ್ ಮೌಲ್ಯ ಇಳಿಯುತ್ತದೆ, ಆದರೆ ಇದು ವ್ಯವಹಾರವಲ್ಲವಾದ್ದರಿಂದ ಪಾವತಿ ಶಿಲ್ಕಿನಲ್ಲಿ ಕಾಣಿಸುವುದಿಲ್ಲ.