ಎಳೆದಷ್ಟೂ ಇಳಿಜಾರು

"ನೋಡಿ ಪದ್ಮಕ್ಕ, ಆಪ್‌ನಲ್ಲಿ ಸಮೀಕರಣದ ಫೋಟೋ ಹೊಡೆದೆ, ಗ್ರಾಫಿನ ಗೆರೆ ಬಂತು. ಪೆನ್ಸಿಲ್ ಬೇಡ, ಸ್ಕೇಲ್ ಬೇಡ, ರಬ್ಬರ್ ಬೇಡ."

"ತಲೆ?"

"ಅದೂ ಬೇಡ."

"ಅದಕ್ಕೇ ನಿನಗೆ ಸರಿಹೋಗಿದೆ," ಅಂದರು ಪದ್ಮಕ್ಕ.

ಸೀನ ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ. ಪರದೆಯ ಮೇಲೆ 2ಎಕ್ಸ್ + 3ವೈ = 6 ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ವೈ ಅಕ್ಷವನ್ನು ಹಿಡಿದು ಮೇಲಕ್ಕೆ ಎಳೆದ. ಗೆರೆ ಕಡಿದಾಯಿತು. ಕೆಳಕ್ಕೆ ಒತ್ತಿದ. ಚಪ್ಪಟೆಯಾಯಿತು.

"ಇಳಿಜಾರು ಎಷ್ಟು ಬೇಕೋ ಅಷ್ಟು ಮಾಡ್ಕೋಬಹುದು!"

"ಇಳಿಜಾರು ಅಲ್ಲಾಡಿಲ್ಲ, ಮಾರಾಯ. ನೀನು ಎಳೆದದ್ದು ಅಕ್ಷದ ಪ್ರಮಾಣ. ಇಳಿಜಾರು, ಅಂದರೆ ಸ್ಲೋಪ್, ಎಕ್ಸ್ ಒಂದು ಹೆಚ್ಚಾದರೆ ವೈ ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕ. ಅಕ್ಷದ ಮೇಲೆ ಬರೆದಿರೋ ಸಂಖ್ಯೆ ನೋಡಬೇಕು, ಚೌಕ ಎಣಿಸಬಾರದು. ಸ್ಲೋಪ್ 1 ಇರೋ ಗೆರೆ 45 ಡಿಗ್ರಿಗೆ ಕಾಣೋದೂ ಎರಡು ಅಕ್ಷಕ್ಕೂ ಒಂದೇ ಪ್ರಮಾಣ ಇದ್ದಾಗ ಮಾತ್ರ."

"ಆಫೀಸಲ್ಲಿ ಮಾರಾಟ ಬಿದ್ದಾಗ ಹೀಗೇ ಒತ್ತಿ ತೋರಿಸ್ತಾರೆ," ಅಂದ ಗುಂಡಣ್ಣ. "ಬಿದ್ದ ಹಾಗೇ ಕಾಣಲ್ಲ."

"ನಮ್ಮ ಕಾಲದಲ್ಲಿ ಎಕ್ಸ್‌ಗೆ ಸೊನ್ನೆ, ಒಂದು, ಎರಡು ಹಾಕಿ ಕೋಷ್ಟಕ ಮಾಡ್ತಿದ್ವಿ," ರಾಯರು ಶುರು ಮಾಡಿದರು.

"ಮಾಡಿ ರಾಯರೇ. ಎಕ್ಸ್ ಒಂದಾದರೆ ವೈ 4/3. ಅದನ್ನ ಗ್ರಾಫ್ ಹಾಳೆ ಮೇಲೆ ಎಲ್ಲಿ ಗುರುತಿಸ್ತೀರಿ?"

ರಾಯರು ಕನ್ನಡಕ ಒರೆಸತೊಡಗಿದರು.

ಪದ್ಮಕ್ಕ ಹಾಳೆ ಎಳೆದುಕೊಂಡರು. "ಮೊದಲು ವೈ ಒಂದನ್ನೇ ಎಡಕ್ಕೆ ನಿಲ್ಲಿಸಿ. 3ವೈ = ಮೈನಸ್ 2ಎಕ್ಸ್ + 6. ಈಗ ಪ್ರತಿ ಪದವನ್ನೂ ಮೂರರಿಂದ ಭಾಗಿಸಿ. ವೈ = ಮೈನಸ್ 2/3 ಎಕ್ಸ್ + 2. ಇದು ವೈ = ಎಂಎಕ್ಸ್ + ಸಿ ರೂಪ. ಎಂ ಅಂದರೆ ಸ್ಲೋಪ್, ಮೈನಸ್ 2/3. ಸಿ ಅಂದರೆ ಇಂಟರ್ಸೆಪ್ಟ್, ಗೆರೆ ವೈ ಅಕ್ಷವನ್ನ ಮುಟ್ಟೋ ಜಾಗ, ಎರಡು. ಸಿ ಹೊರಡೋ ಜಾಗ, ವೈ ಅಕ್ಷದ ಮೇಲೆ (0, 2). ಎಕ್ಸ್ ಅಕ್ಷದ ಮೇಲಿನ ಎರಡಕ್ಕೆ ಚುಕ್ಕಿ ಇಡೋ ಪುಣ್ಯಾತ್ಮರೂ ಇದ್ದಾರೆ, ಮೂಲಬಿಂದುವಿನಿಂದಲೇ ಹೊರಡೋರೂ ಇದ್ದಾರೆ. (0, 2)ರಿಂದ ಸ್ಲೋಪಿನ ಅಂಶದಷ್ಟು ಮೇಲೆ-ಕೆಳಗೆ, ಛೇದದಷ್ಟು ಅಡ್ಡ. ಎರಡು ಕೆಳಗೆ, ಮೂರು ಬಲಕ್ಕೆ. (3, 0)."

ಗುಂಡಣ್ಣ ತನ್ನ ಹಾಳೆ ತೋರಿಸಿದ. ಗೆರೆ ಏರುತ್ತಿತ್ತು.

"ಎರಡು ಕೆಳಗೆ ಇಳಿದು ಮೂರು ಎಡಕ್ಕೆ ಹೋದೆ. ಮೈನಸ್ ಅಲ್ವಾ?"

"ಇರೋ ಒಂದೇ ಮೈನಸ್ಸನ್ನ ಎರಡು ಸಲ ಖರ್ಚು ಮಾಡಿದ್ದೀರಿ. ಮೈನಸ್ಸಿಗೆ ಮೈನಸ್ಸು ಸೇರಿ ಪ್ಲಸ್ ಆಗಿದೆ. ಅಂಶಕ್ಕೆ ಕೊಟ್ಟರೆ ಕೆಳಗೆ-ಬಲಕ್ಕೆ. ಛೇದಕ್ಕೆ ಕೊಟ್ಟರೆ ಮೇಲೆ-ಎಡಕ್ಕೆ, (-3, 4). ಎರಡೂ ಅದೇ ಗೆರೆ ಮೇಲಿವೆ."

"ಸ್ಲೋಪ್ ಬರೀ ನಾಲ್ಕು ಅಂತಿದ್ದರೆ ಅಡ್ಡಕ್ಕೆ ಎಷ್ಟು?"

"ಒಂದು. ನಾಲ್ಕರ ಕೆಳಗೆ ಒಂದು ಯಾವಾಗಲೂ ಇರುತ್ತೆ, ಸಂಕೋಚಕ್ಕೆ ಕಾಣಿಸಿಕೊಳ್ಳಲ್ಲ."

ಇಷ್ಟರಲ್ಲಿ ರಾಯರ ಗೆರೆಯೂ ಮುಗಿದಿತ್ತು. ಸರಿಯಾಗಿಯೇ ಇಳಿಯುತ್ತಿತ್ತು, ಆದರೆ ಹೊರಟದ್ದು (0, 6)ರಿಂದ.

"ಆರನ್ನ ಭಾಗಿಸೋದು ಮರೆತಿರಿ. ಓರೆ ಸರಿ, ಹೊರಟ ಜಾಗ ತಪ್ಪು. ಈಗ ಇವೆರಡೂ ಸಮಾಂತರ. ಎಕ್ಸ್ ಎಷ್ಟೇ ಇರಲಿ, ನಿಮ್ಮ ಗೆರೆ ನಾಲ್ಕು ಮೇಲೆ."

ರಾಯರು ಎರಡು ಗೆರೆಗಳನ್ನೂ ಸ್ವಲ್ಪ ಹೊತ್ತು ನೋಡಿದರು. "ಅಂದರೆ ಇಬ್ಬರೂ ಒಂದೇ ಹದದಲ್ಲಿ ನಡೆದರೂ, ಮೇಲಿಂದ ಹೊರಟವನು ಕೊನೇವರೆಗೂ ಮೇಲೇ."

"ಕೊನೆ ಅಂತ ಇಲ್ಲ ರಾಯರೇ. ಎರಡು ತುದಿಗೂ ಬಾಣದ ಗುರುತು ಹಾಕೋದು ಅದಕ್ಕೇ."

ಯಾರೂ ನಗಲಿಲ್ಲ. ಸೀನನೇ, "ಅಂತರ ಎಳೆದು ಕಮ್ಮಿ ಮಾಡಲಾ?" ಅಂದ.

"ಕಾಣೋದು ಕಮ್ಮಿಯಾಗುತ್ತೆ. ನಾಲ್ಕು ನಾಲ್ಕೇ."

"ನನ್ನದು ಈಗ ಸರಿಯಾಯ್ತಾ?" ಗುಂಡಣ್ಣ ಹೊಸ ಹಾಳೆ ಮುಂದೆ ಮಾಡಿದ. (0, 2), (3, 0) ಎರಡನ್ನೇ ಸೇರಿಸಿ ಹಾಳೆಯ ಅಂಚಿನವರೆಗೂ ಎಳೆದಿದ್ದ. (6, -2) ಗೆರೆಯಿಂದ ಹೊರಗೆ ಉಳಿದಿತ್ತು.

"ಪೆನ್ಸಿಲ್ ಮೊಂಡು, ಚುಕ್ಕಿಗಳು ಹತ್ತಿರ. ಮೂರು ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ತಪ್ಪಿದರೆ ಹನ್ನೆರಡಕ್ಕೆ ನಾಲ್ಕು ತಪ್ಪುತ್ತೆ. ಅದೇ ಹೆಜ್ಜೆ ಇನ್ನೂ ಹಾಕಿ ದೂರದ ಚುಕ್ಕಿ ಹಿಡೀರಿ, (-6, 6) ಮತ್ತು (6, -2). ನಡುವಿನ ಚುಕ್ಕಿಗಳು ತಾವೇ ಗೆರೆ ಮೇಲೆ ಕೂತರೆ ಸರಿ. ಅನುಮಾನ ಬಂದರೆ ಮೊದಲಿನ ಸಮೀಕರಣಕ್ಕೇ ಹಾಕಿ ನೋಡಿ. (6, -2)ಕ್ಕೆ ಎರಡಾರಲೆ ಹನ್ನೆರಡು, ಅದರಲ್ಲಿ ಆರು ಹೋದರೆ ಆರು. ಆಪ್‌ನಲ್ಲಿ ಈ ಜಗಳವೇ ಇಲ್ಲ, ನಿಜ. ಪ್ಲಸ್ ಬದಲು ಮೈನಸ್ ಒತ್ತಿದರೂ ಅಷ್ಟೇ ಚೆಂದದ ಗೆರೆ ಬರುತ್ತೆ. ತಪ್ಪು ಗೆರೆ ಅಂತ ಗೊತ್ತಾಗೋಕೆ ಸರಿ ಗೆರೆ ಎತ್ತ ಹೋಗಬೇಕು ಅಂತ ಮೊದಲೇ ಗೊತ್ತಿರಬೇಕಲ್ಲ!"

ಸೀನನ ಗಮನ ಇತ್ತ ಇರಲಿಲ್ಲ. ವೈ ಅಕ್ಷವನ್ನು ಎಳೆದೂ ಎಳೆದೂ ಗೆರೆಯನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತಿದ್ದ. "ಇನ್ನೂ ಒಂಚೂರು ವಾಲಿದೆ ಪದ್ಮಕ್ಕ."

"ವಾಲೇ ಇರುತ್ತೆ. ನೆಟ್ಟಗಿರೋ ಗೆರೆ ಬೇಕಾದರೆ ಎಕ್ಸ್ = 4 ಅಂತ ಒತ್ತು."

ಒತ್ತಿದ. ಕಂಬದ ಹಾಗೆ ನಿಂತಿತು. "ಇದರ ಸ್ಲೋಪ್ ಸೊನ್ನೆ ತಾನೇ?"

"ಸೊನ್ನೆ ಮಲಗಿರೋ ಗೆರೆಗೆ, ವೈ = 3 ಥರದ್ದಕ್ಕೆ. ಇದರಲ್ಲಿ ಅಡ್ಡ ನಡಿಗೆಯೇ ಸೊನ್ನೆ, ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. ಇದಕ್ಕೆ ಸ್ಲೋಪೇ ಇಲ್ಲ."

"ಇಂಟರ್ಸೆಪ್ಟ್?"

"ವೈ ಅಕ್ಷವನ್ನ ಇದು ಮುಟ್ಟೋದೇ ಇಲ್ಲ."

ಸೀನ ಪರದೆಯನ್ನು ಭರಭರನೆ ಸರಿಸತೊಡಗಿದ.

"ಎಲ್ಲಿಗೆ ಹೊರಟೆ?"

"ಮೇಲಕ್ಕೆ. ಎಲ್ಲಾದರೂ ಮುಟ್ಟಲೇಬೇಕಲ್ಲ."

"ಬ್ಯಾಟರಿ ಎಷ್ಟಿದೆ?"

"ಎಂಬತ್ತು ಪರ್ಸೆಂಟ್."

"ಸಾಲದು."